ನೆರಳಿಗೆ ಸಿಕ್ಕಿದ ಸೆಲ್

ಕಲ್ಲುಗುಂಡಿಯ ಭವಿತಾ ಸುಳ್ಯದ ಕಾಲೇಜೊಂದರಲ್ಲಿ ಸೋಲಾರ್ ಸೆಲ್‌ಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಮಾಮೂಲಿ ಸಿಲಿಕಾನ್ ಸೆಲ್ ಅಲ್ಲ. ಪೆರೋವ್‌ಸ್ಕೈಟ್ ಎಂಬ ವಸ್ತುವನ್ನು ಗಾಜಿನ ಮೇಲೆ ತೆಳ್ಳಗೆ ಹಚ್ಚಿ ಮಾಡುವಂಥದ್ದು. ವಿದ್ಯುತ್ ಚೆನ್ನಾಗಿ ಕೊಡುತ್ತದೆ, ಬೇಗ ಕೆಡುತ್ತದೆ. ಜೊತೆಗೆ ಕಡಬದ ಆಯಿಶತ್ ಶಿಫಾ ಇದ್ದಳು. ಇಬ್ಬರೂ ಸೇರಿ ಎರಡು ಪುಟ್ಟ ಪ್ಯಾನೆಲ್ ಮಾಡಿದರು. ಒಂದನ್ನು ತಾರಸಿಯಲ್ಲಿ ಬಿಸಿಲಿಗಿಟ್ಟ ವಾರದಲ್ಲೇ ಶಿಫಾ ಸಂಶೋಧನೆ ಬಿಟ್ಟು ಪುತ್ತೂರಿನ ಶಾಲೆಯೊಂದಕ್ಕೆ ಟೀಚರಾಗಿ ಹೋದಳು.

ಆಮೇಲೆ ಲ್ಯಾಬಿನಲ್ಲಿ ಭವಿತಾಳ ಮಾತಿಗೆ ಹೂಂಗುಟ್ಟುವವರೂ ಇರಲಿಲ್ಲ. ಊಟದ ಡಬ್ಬಿಯನ್ನು ಮೀಟರಿನ ಎದುರು ಬಿಚ್ಚಿಕೊಳ್ಳುತ್ತಿದ್ದಳು.

ತಿಂಗಳೊಳಗೆ ತಾರಸಿಯ ಪ್ಯಾನೆಲ್ ಸತ್ತಿತು. ಕಪ್ಪು ಸಾಲಿನಲ್ಲಿ ಅಂಚಿನ ಸೆಲ್ ಮಾತ್ರ ಹಳದಿಗಟ್ಟಿತ್ತು. ಗೈಡ್ ರಾಧಾಕೃಷ್ಣ ಸರ್ ಬಗ್ಗಿ ನೋಡಿದರು.

"ನೀರಿನ ಪಸೆ ಒಳಗೆ ಹೋದದ್ದು ಭವಿತಾ. ನಮ್ಮ ಹವೆಗೆ ಇದೆಲ್ಲ ಆಗುದಿಲ್ಲ."

ಅವರು ಇಳಿದುಹೋದ ಮೇಲೂ ಅವಳು ಅಲ್ಲೇ ಕುಳಿತಳು. ಬಿಸಿಲು ಸರಿದಂತೆ ನೀರಿನ ಟ್ಯಾಂಕಿನ ನೆರಳು ಬಂದು ಅದೊಂದೇ ಸೆಲ್ಲಿನ ಮೇಲೆ ನಿಂತಿತು. ಸೆಲ್‌ಗಳೆಲ್ಲ ಒಂದಕ್ಕೊಂದು ಸರಪಳಿಯಂತೆ ಜೋಡಿಸಿದಂಥವು. ಒಂದು ನೆರಳಲ್ಲಿದ್ದರೆ, ಬಿಸಿಲಲ್ಲಿರುವ ಉಳಿದವುಗಳ ವೋಲ್ಟೇಜ್ ಅದರ ಮೇಲೆ ಉಲ್ಟಾ ಬಿದ್ದು ಅದನ್ನು ಕೆಡಿಸಬಹುದು. ಅವಳು ಅದನ್ನು ಓದಿದ್ದಳು, ಕಣ್ಣಾರೆ ಕಂಡಿರಲಿಲ್ಲ.

ಖಚಿತಪಡಿಸಿಕೊಳ್ಳಲು ಉಳಿದದ್ದು ಶಿಫಾಳ ಕೈ ತಾಗಿದ ಇನ್ನೊಂದು ಪ್ಯಾನೆಲ್. ಅವಳಿಗೆ ಫೋನ್ ಮಾಡಿದಳು.

"ಅದನ್ನೂ ಹಾಳು ಮಾಡ್ಬೇಕಾಗ್ತದೆ ಶಿಫಾ."

"ಇಟ್ಟುಕೊಂಡು ಎಂತ ಮಾಡುದು ಮಾರಾಯ್ತಿ? ಮಾಡು. ನಂಗೆ ಈಗ ಕ್ಲಾಸ್ ಉಂಟು."

ಭವಿತಾ ಪ್ಯಾನೆಲ್ ಕತ್ತರಿಸಿ ಎರಡು ಸೆಲ್‌ಗಳನ್ನು ನೈಟ್ರೋಜನ್ ತುಂಬಿದ, ತೇವವೇ ಇಲ್ಲದ ಪೆಟ್ಟಿಗೆಯಲ್ಲಿಟ್ಟಳು. ಬೆಳಕು ಮುಚ್ಚಿ, ಒಂದಕ್ಕೆ ಮಾತ್ರ ಉಲ್ಟಾ ವೋಲ್ಟೇಜ್ ಏರಿಸುತ್ತ ಹೋದಳು. ಮೊದಲು ಸುಮ್ಮನಿದ್ದ ಕರೆಂಟ್ ಒಮ್ಮೆಲೇ ನುಗ್ಗಿತು. ಹೊರತೆಗೆದಾಗ, ಸೆಲ್ಲಿನೊಳಗಿನ ಅಯೋಡಿನ್ ಸರಿದುಬಂದು, ಕರೆಂಟ್ ಹೊರಗೊಯ್ಯುವ ಬೆಳ್ಳಿಯ ಪದರವನ್ನು ತಿಂದಿತ್ತು. ಅದೇ ಹಳದಿ. ಮುಟ್ಟದೆ ಬಿಟ್ಟದ್ದು ಕಪ್ಪಗೇ ಇತ್ತು.

ಸರ್ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ, "ಪಸೆ ಅಲ್ಲ ಹಾಗಾದ್ರೆ. ಇದನ್ನು ಬರಿ" ಎಂದರು.

ಮುಂದಿನ ಪ್ಯಾನೆಲನ್ನು ಅವಳು ಒಬ್ಬಳೇ ಮಾಡಿದಳು. ನೆರಳು ಬಿದ್ದ ಸೆಲ್ಲನ್ನು ಬಿಟ್ಟು ಪಕ್ಕದಿಂದ ಕರೆಂಟ್ ಹೋಗುವಂತೆ ಡಯೋಡ್ ಹಾಕಿದಳು. ಟ್ಯಾಂಕಿನ ಬುಡದಲ್ಲೇ ಇಟ್ಟರೂ ಅದು ತಿಂಗಳು ದಾಟಿ ಮಳೆಗಾಲದವರೆಗೆ ಬಾಳಿತು.

ಫೋಟೊ ತೆಗೆದು ಶಿಫಾಗೆ ಕಳಿಸಿದಳು. ಹೆಬ್ಬೆರಳೆತ್ತಿದ ಇಮೋಜಿಯೊಂದು ಬಂತು. ಇನ್ನೇನಾದರೂ ಬರೆಯಬಹುದೆಂದು ಭವಿತಾ ಸಂಜೆಯ ಬಸ್ಸಿನ ಹೊತ್ತಿನ ತನಕ ತಾರಸಿಯಲ್ಲೇ ಕಾದಳು.