ಗಂಗಣ್ಣನವರ ಬುಧವಾರದ ಮೊಟ್ಟೆ

ಗಂಗಣ್ಣನವರಿಗೆ ಮೊಟ್ಟೆ ಸೇರುತ್ತಿರಲಿಲ್ಲ. ಆದರೂ ತಮ್ಮ ಪಾಲಿನ ಮೊಟ್ಟೆಯನ್ನು ಅವರು ಒಂದು ವಾರವೂ ಬಿಟ್ಟುಕೊಟ್ಟವರಲ್ಲ. ಪೀಣ್ಯ ಎರಡನೇ ಹಂತದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬುಧವಾರ ತಲೆಗೊಂದು ಬೇಯಿಸಿದ ಮೊಟ್ಟೆ. ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಹರಾಜು ಹಾಕುತ್ತಿದ್ದರು. ಬೆಳಗಿನಿಂದ ಕಬ್ಬಿಣ ಹೊತ್ತು ಹಸಿದ ಹೆಲ್ಪರ್‌ಗಳು ಐದು, ಎಂಟು, ಹತ್ತು ಎಂದು ಕೂಗುವಾಗ ಅವರ ಮುಖದಲ್ಲಿ ಮದುವೆ ಮನೆಯ ಕಳೆ.

ಒಮ್ಮೆ ಯಾದಗಿರಿಯ ಶಿವಪ್ಪ ಇಪ್ಪತ್ತೆರಡು ರೂಪಾಯಿಗೆ ಕೊಂಡ. ಎಲ್ಲರ ಊಟ ಮುಗಿಯುವವರೆಗೆ ಕಾದು, ರಜೆ ಹಾಕಿದ್ದವನೊಬ್ಬನ ಮೊಟ್ಟೆಯನ್ನೂ ಗಂಗಣ್ಣ ಹೊರತೆಗೆದರು. ಎರಡು ರೂಪಾಯಿಗೂ ಯಾರೂ ಬಾಯಿಬಿಡಲಿಲ್ಲ.

“ನೋಡ್ರೋ, ಮೊಟ್ಟೆ ಅದೇ, ಕೋಳೀನೂ ಅದೇ. ಷೇರೂ ಇಂಗೇ. ತಗೊಳ್ಳೋನು ಒಂದು ರೇಟು ಕೂಗ್ತಾನೆ, ಮಾರೋನು ಒಂದು ಕೂಗ್ತಾನೆ. ಇಬ್ರೂ ಒಪ್ಪಿದ್ದು ಮೊಬೈಲಲ್ಲಿ ಕಾಣುತ್ತೆ. ಅದು ಆಗ್ಲೇ ಮುಗಿದೋದ ಯಾಪಾರ. ನಿಂಗೂ ಅಷ್ಟೇ ಕೊಡ್ತೀನಿ ಅಂತ ಯಾವನೂ ಹೇಳಿಲ್ಲ.”

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಶಿವಪ್ಪನೂ ನಕ್ಕ, ಪಾಪ.

ಗಂಗಣ್ಣ ನಮ್ಮಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಅವರ ತಾತ ರಾಗಿ ಬೆಳೆದ ಹೊಲದಲ್ಲೇ ಈಗ ಪಕ್ಕದ ಗೋದಾಮು ನಿಂತಿದೆ. “ನಮ್ಮಪ್ಪ ಮೊದಲು ಬಂದೋನಿಗೇ ಕೊಟ್ಬಿಟ್ಟ, ಎರಡನೇ ಗಿರಾಕಿ ಮುಖಾನೇ ನೋಡ್ಲಿಲ್ಲ” ಎಂದು ಹಲ್ಲು ಕಡಿಯುತ್ತಿದ್ದರು. ಆ ಸಿಟ್ಟನ್ನು ಜಗತ್ತಿನ ಮೇಲೆಲ್ಲ ತೀರಿಸಿಕೊಳ್ಳುತ್ತಿದ್ದರು ಎಂದು ನನ್ನ ಅನುಮಾನ. ಆದರೆ ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೇ ನನಗೆ ಅವರು ಇಷ್ಟ.

ಆಗ ನನಗೊಂದು ಹಳೆಯ ಲೇತ್ ಮೆಷಿನ್ನಿನ ಹುಚ್ಚು. ಅದನ್ನು ಕೊಂಡು ಸ್ವಂತ ಶೆಡ್ ಹಾಕಿದರೆ ಇನ್ನೊಬ್ಬರ ಕೈಕೆಳಗಿನ ದುಡಿಮೆ ಮುಗಿಯಿತು. ದೀಪಾವಳಿವರೆಗೆ ಬೇರೆಯವರಿಗೆ ಕೊಡುವುದಿಲ್ಲ ಎಂದು ಅದರ ಮಾಲೀಕ ಮಾತು ಕೊಟ್ಟಿದ್ದ. ಅಷ್ಟರಲ್ಲಿ ಗಂಗಣ್ಣ ತಾವು ಕೊಂಡಿಟ್ಟಿದ್ದ ಒಂದು ವಾಲ್ವ್ ಕಂಪನಿಯ ಷೇರಿನ ಹೆಸರು ಹೇಳಿ, “ದಿನಾ ಏರ್ತಾ ಐತೆ” ಎಂದರು. ಏರುತ್ತಿತ್ತು, ನಿಜವೇ. ಕೂಡಿಟ್ಟಿದ್ದನ್ನೆಲ್ಲ ಅದಕ್ಕೇ ಹಾಕಿ ಅರವತ್ತಕ್ಕೆ ಕೊಂಡೆ. ತೊಂಬತ್ತಾಯಿತು. ನಾನು ಶೆಡ್ಡಿಗೆ ಹೆಸರೂ ಇಟ್ಟುಬಿಟ್ಟೆ. ಆಮೇಲೆ ಇಳಿಯತೊಡಗಿತು. ದಿನಾ ಬೆಳಿಗ್ಗೆ ಮಾರಲು ಹಾಕುತ್ತಿದ್ದೆ, ಕೊಳ್ಳುವವನು ಒಬ್ಬನೂ ಇಲ್ಲ. ಒಂದು ದಿನ ಊಟದ ತಟ್ಟೆ ಹಿಡಿದು ಗಂಗಣ್ಣನವರ ಎದುರು ಕೂತೆ.

“ನಿಮ್ದೇನಾಯ್ತಣ್ಣ?” ಎಂದು ಕೇಳಿದೆ.

“ನೀನು ತಗೊಂಡ ದಿನಾನೇ ಮಾರ್ಬಿಟ್ಟೆ. ತಗೊಳ್ಳೋನು ಇದ್ಮೇಲೆ ಮಾರೋನೂ ಒಬ್ಬ ಬೇಕಲ್ವೇನೋ? ಅವನ್ಯಾರು ಅಂತ ನೀನು ಕೇಳ್ಲೇ ಇಲ್ಲ.”

ತಟ್ಟೆ ಎತ್ತಿ ಮುಖಕ್ಕೆ ಹೊಡೆಯೋಣ ಅನ್ನಿಸಿತು. ಹೊಡೆಯಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳು ಹುಡುಕುತ್ತ ಕೂತೆ.

ಷೇರು ಇಪ್ಪತ್ತರ ಹತ್ತಿರ ನಿಂತಿತು. ದೀಪಾವಳಿಗೆ ಎರಡೇ ವಾರ. ಊಟದ ಹೊತ್ತಿನಲ್ಲಿ ಶಿವಪ್ಪ ಮೊಬೈಲ್ ಹಿಡಿದು ಬಂದ.

“ಅಣ್ಣಾರ, ಈ ವಾಲ್ವ್ ಷೇರು ಭಾಳ ಸೋವಿ ಆಗೇದ. ತಗೋಬಹುದೇನ್ರಿ?”

“ತೊಂಬತ್ತಿದ್ದಿದ್ದು ಕಣೋ. ಇನ್ನೆಷ್ಟು ಇಳಿಯುತ್ತೆ?” ಎಂದೆ.

ಅವನ ಕೈಗೆ ಮೊದಲು ನನ್ನದೇ ಸಿಗಲಿ ಎಂದು, ಅವನಿಗೆ ಕಾಣದಂತೆ ನನ್ನ ಮೊಬೈಲಿನಲ್ಲಿ, ಎಲ್ಲರಿಗಿಂತ ಹತ್ತು ಪೈಸೆ ಕಡಿಮೆಗೆ ನನ್ನ ಷೇರು ಮಾರಾಟಕ್ಕಿಟ್ಟೆ. ನನ್ನೆದುರೇ ಕೂತು ಅವನು ಬಟನ್ ಒತ್ತಿದ. ಅಷ್ಟೂ ಹೋಯಿತು. ಆಚೆ ಮೇಜಿನಿಂದ ಗಂಗಣ್ಣ ನನ್ನನ್ನೇ ನೋಡುತ್ತಿದ್ದರು. ಎದ್ದು ಬಂದು ನನ್ನ ಪಕ್ಕ ಕೂತು ಊಟ ಮುಂದುವರಿಸಿದರು. ಬಂದ ದುಡ್ಡು ಲೇತಿಗೆ ಮುಂಗಡವಾಯಿತು.

ಕಳೆದ ವರ್ಷ ಗಂಗಣ್ಣ ಎದೆನೋವಿನಿಂದ ತೀರಿಕೊಂಡರು. ದಾಸರಹಳ್ಳಿಯಲ್ಲಿ ಅವರ ಮಣ್ಣಿಗೆ ನಾನು ಶೆಡ್ ಮುಚ್ಚಿ ಹೋಗಿದ್ದೆ. ಶಿವಪ್ಪನೂ ಬಂದಿದ್ದ, ನನಗಿಂತ ಹೆಚ್ಚು ಅತ್ತ. ಹಿಡಿ ಮಣ್ಣು ಹಾಕಿ ಈಚೆ ಬಂದ ಮೇಲೆ ಮೆಲ್ಲಗೆ ಕೇಳಿದ:

“ಅಣ್ಣಾರ, ಆ ಷೇರು ಈಗ ನಾಕು ರೂಪಾಯಿ ಆಗೇದ್ರಿ. ಏನ್ಮಾಡ್ಲಿ ಅಂತ ಗಂಗಣ್ಣಾರನ್ನ ಕೇಳಬೇಕಂತಿದ್ದೆ. ಅವರೂ ಹೋದ್ರು.”

ಅವರಾಗಿದ್ದರೆ ನಿಜ ಹೇಳುತ್ತಿದ್ದರು.

“ಇನ್ನೊಂದು ಸ್ವಲ್ಪ ದಿನ ಇಟ್ಕೋ” ಎಂದೆ.