ಎಕ್ಸ್‌ಪೈರಿ ಎಲ್ಲಿಂದ ಲೆಕ್ಕ

ನಮ್ಮ ಕಡೆ ಎಕ್ಸ್‌ಪೈರಿ ಎಂದರೆ ಒಂದೇ ಅರ್ಥ: ಕೆಟ್ಟದ್ದು, ಬಿಸಾಡಬೇಕಾದದ್ದು. ಬ್ರಹ್ಮಾವರದ ಮೆಡಿಕಲ್ ಶಾಪಿನಲ್ಲಿ ವರ್ಷಗಟ್ಟಲೆ ಕೂತ ನನಗೇ ಅದು ಆ ಹೊತ್ತಿಗೆ ಹೊಳೆಯಲಿಲ್ಲ ನೋಡಿ!

ಬಿಜೂರಿನಲ್ಲಿದ್ದ ಅಕ್ಕ ಮೀನು ಮಾರುತ್ತಿದ್ದವಳು. ಅವಳಿಗೆ ರಕ್ತದ ಕಾಯಿಲೆ. ಅದಕ್ಕೆ ಆಗುವ ಮಾತ್ರೆ ಒಂದೇ ಕಂಪನಿಯದ್ದು, ಪೇಟೆಂಟ್ ಮುಗಿಯುವ ತನಕ ಬೇರೆಯವರು ಮಾಡುವಂತಿಲ್ಲ. ಬೆಲೆ ಕೇಳಿದರೆ ಇಲ್ಲದ ಜ್ವರವೂ ಬರಬೇಕು. ಅಕ್ಕ ಕದ್ದುಮುಚ್ಚಿ ಅರ್ಧರ್ಧ ಮಾತ್ರೆ ನುಂಗುತ್ತಿದ್ದಾಳೆ ಎಂದು ಭಾವ ಹೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅದು 2016. ಪೇಟೆಂಟ್ ಯಾವಾಗ ಮುಗಿಯುತ್ತದೆ ಎಂದು ಅಂಗಡಿಗೆ ಬರುವ ಔಷಧ ಕಂಪನಿಯ ರೆಪ್‌ಗಳ ತಲೆ ತಿಂದೆ. ಮಂಜೂರಾದ ವರ್ಷದಿಂದ ಇಪ್ಪತ್ತು ಎಣಿಸಿದರೆ, ಅಯ್ಯೋ, ಅಲ್ಲಿಯವರೆಗೆ ಅಕ್ಕ ಎಲ್ಲಿರುತ್ತಾಳೆ! ಕೊನೆಗೆ ಒಬ್ಬ ರೆಪ್ ನಕ್ಕ. "ಮಂಜೂರಾದ ದಿನ ಬಿಡಿ ಮಾರಾಯ್ರೆ. ಅರ್ಜಿ ಹಾಕಿದ ದಿನದಿಂದ ಲೆಕ್ಕ."

ಅರ್ಜಿ ಬಿದ್ದದ್ದು 1997ರಲ್ಲಿ! ಆಮೇಲೆ ಎಷ್ಟೋ ವರ್ಷ ಕಚೇರಿಯಲ್ಲೇ ಬಿದ್ದಿತ್ತಂತೆ. ಅಂದರೆ ಬರುವ ವರ್ಷವೇ ಬಿಡುಗಡೆ. ಗಿರಾಕಿಯನ್ನು ನಿಲ್ಲಿಸಿ ಫೋನಿನಲ್ಲಿ ಕೂಗಿದೆ: "ಅಕ್ಕಾ, ನಿನ್ ಮಾತ್ರೆದ್ ಬಪ್ಪ ವರ್ಷ ಎಕ್ಸ್‌ಪೈರಿ ಆತ್ತ್!"

ಅವಳು ಹೂಂ ಎಂದಳು. ಕೆಲವು ದಿನ ಬಿಟ್ಟು ಭಾವನ ಫೋನು: ಇದ್ದ ಮಾತ್ರೆಯನ್ನೆಲ್ಲ ತೆಂಗಿನ ಬುಡಕ್ಕೆ ಸುರಿದಿದ್ದಾಳೆ.

ಅಂಗಡಿಯಿಂದ ಮಾತ್ರೆಯ ಇನ್ನೊಂದು ಪಟ್ಟಿ ಜೇಬಿಗೆ ಹಾಕಿಕೊಂಡು ಓಡಿದೆ. ಕುಂದಾಪುರದಲ್ಲಿ ಬಸ್ಸು ಹೊರಡಲೊಲ್ಲದು. ಪಾಪದ ಕಂಡಕ್ಟರನಿಗೆ ಬಾಯಿಗೆ ಬಂದಂತೆ ಬೈದೆ.

"ಮಂಡೆ ಸಮ ಇತ್ತಾ ನಿಂಗೆ?" ಎಂದು ಅಂಗಳದಿಂದಲೇ ಶುರುಮಾಡಿದೆ.

"ಹ್ವಾಯ್, ಬೊಬ್ಬೆ ಹಾಕ್ಬೇಡ. ಹಳ್ಸುಕ್ ಸುರುವಾದ್ ಮೀನ್ ಒಂದ್ ದಿನ ಮಾರಿದ್ದಿಲ್ಲೆ ನಾನ್. ಕೆಡು ಮಾತ್ರೆ ತಿಂಬುದ್ ಎಂತಕ್ಕೆ?"

ಕೆಡುವುದು ಮಾತ್ರೆಯಲ್ಲ, ಕಂಪನಿಯ ಹಕ್ಕು ಎಂದೆ. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಸಿಟ್ಟಿನಲ್ಲೇ ಕೇಳಿದೆ: "ಮೀನ್ ಹಳ್ತಾಪ್ದ್ ಬಲೆಗ್ ಬಿದ್ದ್ ಹೊತ್ತಿಂದವಾ, ನಿನ್ ಬುಟ್ಟಿಗ್ ಬಂದ್ ಹೊತ್ತಿಂದವಾ?"

"ಬಲೆಗ್ ಬಿದ್ದ್ ಹೊತ್ತಿಂದ. ಅದೂ ಕೇಂಬುದಾ?"

"ಹಕ್ಕಿನ್ ಲೆಕ್ಕವೂ ಹಾಂಗೆ. ಹಂಗಾಯಿ ಬೇಗ ಮುಗಿತ್ತ್. ಮತ್ತೆ ಎಲ್ಲರೂ ಮಾಡ್ತ್ರ್, ಅಗ್ಗ ಆತ್ತ್."

ಅಕ್ಕ ನಕ್ಕುಬಿಟ್ಟಳು. ಮೀನಿನ ಕಿವಿರು ಎತ್ತಿ ಕೆಂಪು ನೋಡುವ ಹಾಗೆ ಪಟ್ಟಿಯನ್ನು ಅತ್ತಿತ್ತ ತಿರುಗಿಸಿ ನೋಡಿ, ಇಡೀ ಮಾತ್ರೆ ನುಂಗಿದಳು. ನನಗೆ ಅಳುವೇ ಬಂತು.

ನೀರಿನ ಲೋಟ ಕೆಳಗಿಟ್ಟು ಕೇಳಿದಳು: "ಹಂಗಾರೆ ತಮ್ಮ, ಡಾಕ್ಟ್ರ್ ನಂಗೆ ಬದ್ಕುಕ್ ಕೊಟ್ಟ್ ವರ್ಷ ಎಲ್ಲಿಂದ ಲೆಕ್ಕ? ಕಾಯ್ಲೆಗ್ ಹೆಸ್ರ್ ಹೇಳಿದ್ ದಿನದಿಂದವಾ, ಸುಸ್ತ್ ಸುರುವಾದ್ ದಿನದಿಂದವಾ?"

ನಾನು ಬಸ್ಸಿಗೆ ಹೊತ್ತಾಯಿತು ಎಂದೆ.

ಅಗ್ಗದ ಮಾತ್ರೆ ಹೇಳಿದ ವರ್ಷವೇ ನಮ್ಮ ಅಂಗಡಿಗೆ ಬಂತು. ಅಷ್ಟರಲ್ಲಿ ಅಕ್ಕ ಹೋಗಿ ಒಂದು ಮಳೆಗಾಲ ಕಳೆದಿತ್ತು. ಮೊದಲ ಪಟ್ಟಿ ಕೊಂಡ ಹೆಂಗಸು, ಎಕ್ಸ್‌ಪೈರಿ ಸರಿ ನೋಡಿ ಕೊಡಿ ಎಂದರು.