ಬಸಣ್ಣ ಸೇವ್ ಮಾಡದೆ ಹೋದ ಸಾಲು

ಇನ್ನೂ ನಂಬಲಾಗುತ್ತಿಲ್ಲ...
ಬಸಣ್ಣ ಇಂದು ಬೆಳಿಗ್ಗೆ ತೀರಿಕೊಂಡರು.
ರಾಮದಾಸಪೇಠ್‌ನ ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ.

ಹಿಂದಿ ಮಾತಾಡುವ ಈ ಊರಿನ ನಮ್ಮ ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ.
ಅವರು ಗದಗಿನವರು, ಜಾವಾದಲ್ಲಿ ಪ್ರೋಗ್ರಾಂ ಬರೆಯುವವರು.
ನಾನು ಸಾಹಿತ್ಯ ಓದಿ ಬಂದು, ಅವರು ಕಟ್ಟಿದ್ದನ್ನು ಬಳಸುವುದು ಹೇಗೆಂದು ಮ್ಯಾನುಯಲ್ ಬರೆಯುವವಳು.

ಈ ವಾರವೆಲ್ಲ ಅವರಿಗೂ ಜೊತೆಗೆ ಪ್ರೋಗ್ರಾಂ ಬರೆಯುವ ಸ್ನೇಹಲ್‌ಗೂ ಒಂದೇ ಜಗಳ.
ಆಸ್ಪತ್ರೆಯೊಂದಕ್ಕೆ ಮಾಡಿಕೊಡುತ್ತಿದ್ದ ರೋಗಿಗಳ ಫಾರ್ಮ್ ಅನ್ನು ಕಾಂಪೊನೆಂಟ್‌ಗಳಿಂದ ಕಟ್ಟಬೇಕೋ, ಸರಳ ಟೆಂಪ್ಲೇಟ್‌ನಲ್ಲಿ ಬರೆಯಬೇಕೋ...

"ಟೆಂಪ್ಲೇಟ್ ಪುಟ ತೋರಿಸಿದ್ದನ್ನ ಅಲ್ಲೇ ಮರೀತೈತಿ, ತಂಗಿ. ಕಾಂಪೊನೆಂಟ್ ಹಂಗಲ್ಲ. ನೀ ಅರ್ಧ ಬರದು ಚಾ ಕುಡ್ಯಾಕ ಹೋದ್ರೂ ಸರ್ವರ್ ನೆನಪಿಟ್ಟಿರ್ತೈತಿ." ಬಸಣ್ಣ ನನಗೆ ಹೀಗೆ ಹೇಳುತ್ತಿದ್ದರು.

ಟೆಂಪ್ಲೇಟ್ ಹಗುರ, ಬರೆದದ್ದೇ ಕಾಣುತ್ತದೆ ಎನ್ನುವುದು ಸ್ನೇಹಲ್ ವಾದ.
"ಇತ್ನಾ ಯಾದ್ ರಖ್‌ನಾ ಭೀ ಬೀಮಾರಿ ಹೈ, ದಾದಾ."
ಇಷ್ಟು ನೆನಪಿಡುವುದೂ ಒಂದು ಕಾಯಿಲೆಯೇ, ಅಣ್ಣಾ ಎಂದು.

ಅವಳ ಮಾತಿಗೆ ಕಾರಣವಿತ್ತು. ಒಬ್ಬರು ತುಂಬಿದ್ದು ಇನ್ನೊಬ್ಬರ ಪರದೆಯಲ್ಲಿ ಕಾಣುತ್ತಿತ್ತು. ಒಬ್ಬೊಬ್ಬರಿಗೆ ಬೇರೆ ಬೇರೆ ಇಡಬೇಕಾದ ನೆನಪನ್ನು ಬಸಣ್ಣ ಎಲ್ಲರಿಗೂ ಒಂದೇ ಇಟ್ಟಿದ್ದರು.
ತಪ್ಪು ಒಪ್ಪಲಿಲ್ಲ.
ನಿನ್ನೆ ಇಬ್ಬರೂ ಮಾತು ಬಿಟ್ಟೇ ಮನೆಗೆ ಹೋದರು.
"ದಾದಾ ಮೇರೆ ಸೆ ನಾರಾಜ್ ಹೋಕೇ ಗಯೇ..." ನನ್ನ ಮೇಲೆ ಮುನಿಸಿಕೊಂಡೇ ಹೋದರು ಎಂದು ಸ್ನೇಹಲ್ ಬೆಳಿಗ್ಗೆಯಿಂದ ಅದನ್ನೇ ಹೇಳುತ್ತಿದ್ದಾಳೆ.

ಮಧ್ಯಾಹ್ನ ನನ್ನ ಹೆಸರಿನಲ್ಲೇ ಲಾಗಿನ್ ಆಗಿ ಆ ಫಾರ್ಮ್ ಇರುವ ಪುಟ ತೆರೆದೆ.
ಖಾಲಿ ಇರಬೇಕಿತ್ತು...

ರೋಗಿಯ ಹೆಸರು: ಬಸವರಾಜ.
ಸ್ಥಿತಿ: ಚೇತರಿಸಿಕೊಳ್ಳುತ್ತಿದ್ದಾರೆ.
ಕೊನೆಯ ಬಳಕೆ: ಈಗ ತಾನೇ.

ಅಣ್ಣಾ, ಫಾರ್ಮ್ ಸರಿಯಿದೆಯೇ ಎಂದು ಪರೀಕ್ಷಿಸಲು ನೀವು ನಿಮ್ಮದೇ ಹೆಸರು ಹಾಕುತ್ತಿದ್ದಿರಿ. ಬೇರೆಯವರ ಹೆಸರಿನ ಮುಂದೆ ಕಾಯಿಲೆ ಬರೆಯಲು ನಿಮಗೆ ಮನಸ್ಸು ಬರುತ್ತಿರಲಿಲ್ಲ.
ನಾನು ತೆರೆದದ್ದಕ್ಕೇ ಅದು "ಈಗ ತಾನೇ" ಎನ್ನುತ್ತಿದೆ ಎಂದು ಗೊತ್ತು.
ಆದರೂ ನಿಮ್ಮ ಕುರ್ಚಿಯ ಕಡೆ ತಿರುಗಿದೆ.
ಇನ್ನೊಮ್ಮೆ ತೆರೆದೆ. ಮತ್ತೆ ಈಗ ತಾನೇ...
ನಾವು ನೋಡುತ್ತಿರುವವರೆಗೂ ಅದು ನಿಮ್ಮನ್ನು ಹೋಗಗೊಡುವುದಿಲ್ಲ.

ಕೆಳಗೆ ಷರಾ ಬರೆಯುವ ಜಾಗದಲ್ಲಿ, ನೀವು ಸೇವ್ ಮಾಡದ ಕನ್ನಡದ ಒಂದೆರಡು ಮಾತು. ನಿನ್ನೆ ರಾತ್ರಿ ಕೋರಾಡಿಯ ನಿಮ್ಮ ಮನೆಯಿಂದ ಬರೆದಿರಬೇಕು.

ಸ್ನೇಹಲ್ ಪರದೆಯಲ್ಲೂ ಅದೇ ಹೆಸರು. ಹೆದರಿ ಸರ್ವರ್ ರೀಸ್ಟಾರ್ಟ್ ಮಾಡಲು ಹೊರಟಿದ್ದಳು. ಮಾಡಿದರೆ ಸೇವ್ ಆಗದ್ದೆಲ್ಲವೂ ಅಳಿಸಿಹೋಗುತ್ತದೆ.
ಎದ್ದು ಹೋಗಿ ಅವಳ ಕೈ ಹಿಡಿದೆ.

"ಕ್ಯಾ ಲಿಖಾ ಹೈ?" ಏನು ಬರೆದಿದೆ ಎಂದಳು, ಕನ್ನಡ ಬಾರದ ಸ್ನೇಹಲ್.

ಓದಿದೆ.
"ಸ್ನೇಹಲ್ ಹೇಳಿದ್ದು ಬರೋಬರ್ ಐತಿ. ತಪ್ಪು ನಂದು. ಈ ಪುಟಕ್ಕ ಟೆಂಪ್ಲೇಟ್ ಸಾಕು. ನಾಳೆ ನಾನ ಆಕಿಗೆ"

ಅಷ್ಟೇ.
ಹಿಂದಿಯಲ್ಲಿ ಅರ್ಥ ಹೇಳಿದೆ.
"ಫಿರ್ ಸೆ ಪಢ್... ಉನ್‌ಕೀ ಭಾಷಾ ಮೇ." ಮತ್ತೆ ಓದು, ಅವರ ಭಾಷೆಯಲ್ಲೇ.

ಮೂರು ಸಲ ಓದಿಸಿದಳು.
ಪ್ರತಿ ಸಲವೂ ಸಾಲು ಮುಂದುವರಿಯಬಹುದೆಂದು ಇಬ್ಬರೂ ಕಾದೆವು.

ಫೋಟೋ ತೆಗೆಯಲೇ ಎಂದೆ. ಬೇಡವೆಂದು ತಲೆಯಾಡಿಸಿದಳು.
"ಜಾನೇ ದೇ ದಾದಾ ಕೋ." ಅಣ್ಣನನ್ನು ಹೋಗಗೊಡು ಎಂದು.
ರೀಸ್ಟಾರ್ಟ್ ಅವಳೇ ಒತ್ತಿದಳು.

ಹೋಗಿ ಬನ್ನಿ, ಬಸಣ್ಣ... ಆಕೆಗೆ ಹೇಳಬೇಕಿದ್ದುದು ಆಕೆಗೆ ತಲುಪಿತು.
ನಿಮ್ಮ ಜೀವಕ್ಕೆ ಇನ್ನು ನೆಮ್ಮದಿಯಿರಲಿ.